ದೂರದಿಂದ ಚಾಲನೆ

ಹಿಂದೆ ಮೋಟಾರು ಕಾರಿನ ಎಂಜಿನನ್ನು ಹ್ಯಾಂಡಲ್ ತಿರುಗಿಸಿಯೇ ಚಾಲೂ ಮಾಡಬೇಕಾಗಿತ್ತು. ಹ್ಯಾಂಡಲ್ ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರು ಅನೇಕರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಈ ಅಪಾಯವು ಕ್ರಮೇಣ ದೂರವಾಯಿತು.

ಇಂದು ಕೆನಡದಂತಹ ಶೀತಪ್ರದೇಶಗಳಲ್ಲಿ ಜನರು ಮನೆಯೊಳಗಿನಿಂದಲೇ ಗುಂಡಿಯನ್ನೊತ್ತಿ ಕಾರನ್ನು ಚಾಲೂ ಮಾಡಿ ಬೆಚ್ಚಗಾಗಿಸುತ್ತಾರೆ. ಆದರೆ ಚಾಲಕನಿಲ್ಲದ ಕಾರು ಗೇರಿನಲ್ಲಿದ್ದರೆ ಮುನ್ನುಗ್ಗೀತು! ಆದುದರಿಂದ ಈ ಸಾಧನವನ್ನು ಜೋಡಿಸಿದವನು ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಹಿಂದೆ ಮುಂದೆ ಯಾರೂ ಇಲ್ಲದಾಗ ಪರೀಕ್ಷಿಸಬೇಕು. ಕಾಲುಬ್ರೇಕನ್ನು ಒತ್ತಿದೊಡನೆ ಅಥವಾ ಬಾನೆಟ್ಟನ್ನು ತೆರೆದೊಡನೆ ಎಂಜಿನು ನಿಲ್ಲಬೇಕು. ಮುಚ್ಚಿದ ಷೆಡ್ಡಿನಲ್ಲಂತೂ ಚಾಲೂ ಮಾಡಲೇಬಾರದು. ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವು ಅಲ್ಲಿ ತುಂಬಿ ಪ್ರಾಣವನ್ನೇ ತೆಗೆಯಬಲ್ಲುದು.

ಯಂತ್ರವು ನಮ್ಮಿಂದ ದೂರವಾದಷ್ಟೂ ನಮ್ಮ ಎಚ್ಚರಿಕೆಯು ಅದರ ಸಮೀಪದಲ್ಲಿರಬೇಕು.