ಡಯಟ್ ಕೋರ್ಸಿಗೆ ಹಣ ಕಟ್ಟುವ ಮುನ್ನ

ಹೋಲಿಸ್ಟಿಕ್ ನ್ಯೂಟ್ರಿಷನ್, ಗಟ್ ಹೆಲ್ತ್ ಕೋಚ್, ಸಿರಿಧಾನ್ಯ ಆಹಾರ ಚಿಕಿತ್ಸೆ, ಆಯುರ್ವೇದಿಕ್ ಡಯಟ್ ಕನ್ಸಲ್ಟೆಂಟ್. ಹೆಸರು ಬಗೆಬಗೆ, ಒಳಗಿರುವುದು ಹೆಚ್ಚುಕಡಿಮೆ ಒಂದೇ: ಮೂರೋ ಆರೋ ತಿಂಗಳ ಆನ್‌ಲೈನ್ ತರಗತಿ, ಕೊನೆಗೆ ಬಂಗಾರದಂಚಿನ ಸರ್ಟಿಫಿಕೇಟು. ವರ್ಷಗಟ್ಟಲೆ ಕಾಲೇಜಿಗೆ ಹೋಗಲಾಗದ ಗೃಹಿಣಿಯರು, ಕೆಲಸ ಬದಲಿಸಲು ಹೊರಟ ಐಟಿಯವರು, ಜಿಮ್ ತರಬೇತುದಾರರು, ಯೋಗ ಶಿಕ್ಷಕರು ಇವಕ್ಕೆ ಸೇರುತ್ತಿದ್ದಾರೆ. ಇಂಥ ಕೋರ್ಸು ನಡೆಸುವುದೂ ತಪ್ಪಲ್ಲ, ಸೇರುವುದೂ ತಪ್ಪಲ್ಲ. ಆ ಕಾಗದ ಹಿಡಿದು ಮುಂದೆ ಏನು ಮಾಡಬಹುದು ಎಂಬಲ್ಲಿಂದ ತಕರಾರು ಶುರುವಾಗುತ್ತದೆ.

ಆದ್ದರಿಂದ ಯಾವ ಕೋರ್ಸು ಎಂದು ಹುಡುಕುವ ಮೊದಲು ಯಾತಕ್ಕೆ ಎಂದು ತೀರ್ಮಾನಿಸಿಕೊಳ್ಳಿ. ಮನೆಯವರ ಊಟ ಸುಧಾರಿಸಲೇ, ಉದ್ಯೋಗಕ್ಕೇ, ಇಲ್ಲವೇ ಬೇರೆಯವರ ಕಾಯಿಲೆಗೆ ಪಥ್ಯ ಹೇಳಲೇ? ಮೊದಲನೆಯದಕ್ಕೆ ಕಾನೂನು ಅಡ್ಡ ಬರುವುದಿಲ್ಲ. ಯಾರಿಂದ ಬೇಕಾದರೂ ಕಲಿಯಿರಿ, ಅಜ್ಜಿಯಿಂದಲೂ. ಉಳಿದೆರಡಕ್ಕೆ ಕಾನೂನು ಬೇರೆಯೇ ಲೆಕ್ಕ ಕೇಳುತ್ತದೆ.

ಪದವಿ ಕೊಡುವ ಅಧಿಕಾರ ಯಾರಿಗಿದೆ ಎಂಬುದನ್ನು 1956ರ ಯುಜಿಸಿ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಶಾಸನದ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ, ಇಷ್ಟೇ. ಖಾಸಗಿ ಅಕಾಡೆಮಿಗಳಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವು ‘ಪದವಿ’ ಎಂಬ ಮಾತೆತ್ತದೆ ಸರ್ಟಿಫಿಕೇಷನ್, ಫೆಲೋಶಿಪ್, ಮಾಸ್ಟರ್ ಪ್ರಾಕ್ಟೀಷನರ್ ಎನ್ನುತ್ತವೆ. ಈ ಪದಗಳಿಗೆ ಕಾವಲುಗಾರರಿಲ್ಲ.

2021ರಲ್ಲಿ ಚಿತ್ರ ಬದಲಾಯಿತು. ಆ ವರ್ಷ ಜಾರಿಗೆ ಬಂದ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಡಯಟೀಷಿಯನ್ ಮತ್ತು ನ್ಯೂಟ್ರಿಷನಿಸ್ಟ್ ಇಬ್ಬರೂ ಇದ್ದಾರೆ. ಕ್ರೀಡಾ ಪೋಷಣೆ, ಸಾರ್ವಜನಿಕ ಆರೋಗ್ಯ ಪೋಷಣೆಯವರೂ ಸೇರಿದ್ದಾರೆ. ಈ ಕಾಯ್ದೆಯ ಪ್ರಕಾರ ಹೆಲ್ತ್‌ಕೇರ್ ವೃತ್ತಿಪರರ ಪದವಿ ಮೂರರಿಂದ ಆರು ವರ್ಷಗಳಲ್ಲಿ ಹರಡಿದ ಕನಿಷ್ಠ 3600 ಗಂಟೆಗಳದ್ದಾಗಿರಬೇಕು. ಅಲೈಡ್ ವೃತ್ತಿಪರರಿಗೆ ಕನಿಷ್ಠ 2000 ಗಂಟೆ. ಶನಿವಾರ, ಭಾನುವಾರ ಎರಡೆರಡು ಗಂಟೆಯಂತೆ ಆರು ತಿಂಗಳು ಕುಳಿತರೂ ಆಗುವುದು ಸುಮಾರು ನೂರು ಗಂಟೆ. ರಾಜ್ಯಗಳಲ್ಲಿ ನೋಂದಣಿ ವ್ಯವಸ್ಥೆ ಇನ್ನೂ ಪೂರ್ತಿ ಬೇರೂರಿಲ್ಲ, ನಿಜ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಸ್ಪಷ್ಟ. ನಾಳೆ ಆಸ್ಪತ್ರೆ ಸೇರುವ ಆಸೆಯಿದ್ದವರು ಇಂದಿನ ಸಡಿಲವನ್ನು ನಂಬಿ ಹಣ ಹೂಡುವುದು ಜಾಣತನವಲ್ಲ.

‘ವಿಶ್ವವಿದ್ಯಾಲಯದ್ದೇ ಆನ್‌ಲೈನ್ ಪದವಿ ಇದೆಯಲ್ಲ’ ಎನ್ನುವವರು 2025ರ ಬೆಳವಣಿಗೆಯನ್ನು ಗಮನಿಸಬೇಕು. 2021ರ ಆ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು ಜುಲೈ–ಆಗಸ್ಟ್ 2025ರ ಪ್ರವೇಶದಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸಬಾರದು ಎಂದು ಯುಜಿಸಿ ಆದೇಶಿಸಿತು. ಮನೋವಿಜ್ಞಾನದ ಜೊತೆಗೆ ಆಹಾರ ಮತ್ತು ಪೋಷಣ ವಿಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಮತ್ತು ಡಯಟೆಟಿಕ್ಸ್ ಕೂಡ ಪಟ್ಟಿಯಲ್ಲಿವೆ. ಹಳೆಯ ಕರಪತ್ರ ತೋರಿಸಿ ಸೀಟು ಮಾರುವವರಿದ್ದರೆ, ಯುಜಿಸಿಯ ದೂರಶಿಕ್ಷಣ ಬ್ಯೂರೋ ಜಾಲತಾಣದಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ ಮೂರನ್ನೂ ಒಟ್ಟಿಗೆ ತಾಳೆ ನೋಡಿ. ವಿಶ್ವವಿದ್ಯಾಲಯದ ಹೆಸರು ಸರಿಯಿದ್ದು ವರ್ಷ ತಪ್ಪಿದರೆ ಏನಾಗುತ್ತದೆ ಎಂಬುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿದಾಗ, ನಡುವಿನ ವರ್ಷಗಳಲ್ಲಿ ಸೇರಿದವರು ಅಂಕಪಟ್ಟಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಮಾನ್ಯತೆ ಮರಳಿದ್ದು 2018ರಲ್ಲಿ.

ಜಾಹೀರಾತಿನ ಮುದ್ರೆಗಳ ಬಗ್ಗೆಯೂ ಎಚ್ಚರ ಬೇಕು. ಐಎಸ್‌ಒ 9001 ಸಂಸ್ಥೆಯ ಆಡಳಿತ ಪದ್ಧತಿಗೆ ಸಿಗುವ ಪ್ರಮಾಣಪತ್ರ, ಪಠ್ಯಕ್ಕಲ್ಲ. ಎಂಎಸ್‌ಎಂಇ ಉದ್ಯಮ್ ನೋಂದಣಿಯನ್ನು ಹಪ್ಪಳದ ಘಟಕವೂ ಪಡೆಯಬಹುದು. ‘ಅಂತಾರಾಷ್ಟ್ರೀಯ ಮಾನ್ಯತೆ’ ಎಂದರೆ ಯಾವ ದೇಶದ, ಯಾವ ಶಾಸನದ ಅಡಿಯ ಸಂಸ್ಥೆ ಕೊಟ್ಟದ್ದು ಎಂದು ಬರಹದಲ್ಲಿ ಕೇಳಿ. ಕೌಶಲ ಕೋರ್ಸು ಎನ್ನುವುದಾದರೆ ರಾಷ್ಟ್ರೀಯ ಅರ್ಹತಾ ರಿಜಿಸ್ಟರಿನಲ್ಲಿ ಅದರ ಸಂಕೇತ ಇರಬೇಕು. ಭಾರತೀಯ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ‘ಆರ್‌ಡಿ’ (ರಿಜಿಸ್ಟರ್ಡ್ ಡಯಟೀಷಿಯನ್) ಪರೀಕ್ಷೆಗೆ ಆಸ್ಪತ್ರೆಗಳಲ್ಲಿ ಬೆಲೆಯಿದೆ. ಅದಕ್ಕೆ ಕೂರಲು ಮಾನ್ಯ ವಿಶ್ವವಿದ್ಯಾಲಯದ ಓದು ಬೇಕು, ಅಕಾಡೆಮಿಯ ಸರ್ಟಿಫಿಕೇಟು ಸಾಲದು.

ಅಲೋಪತಿಯ ದಾರಿಯೇ ಬೇಡ, ಆಹಾರವನ್ನೇ ಔಷಧಿಯಾಗಿ ಕಲಿಯಬೇಕು ಎನ್ನುವವರಿಗೆ ಕಾನೂನಿನ ಬಲವಿರುವ ದಾರಿ ಕರ್ನಾಟಕದಲ್ಲೇ ಇದೆ. ಅದು ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನಗಳ ಪದವಿ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಉಜಿರೆಯೂ ಸೇರಿದಂತೆ ಹಲವೆಡೆ ಕಾಲೇಜುಗಳಿವೆ. ದೀರ್ಘ ಓದು ನಿಜ, ಆದರೆ ಮುಗಿಸಿದವರು ನೋಂದಾಯಿತ ವೈದ್ಯರಾಗುತ್ತಾರೆ.

ಕಾಯಿಲೆ ವಾಸಿ ಮಾಡುತ್ತೇನೆಂದು ಹೊರಡುವವರಿಗೆ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆಯವರಿಗೆ ‘ಇನ್ಸುಲಿನ್ ಬಿಡಿ, ನನ್ನ ಪಥ್ಯ ಸಾಕು’ ಎಂದವರು ಊಟದ ಸಲಹೆಯ ಗಡಿ ದಾಟಿ ಚಿಕಿತ್ಸೆಗೆ ಕೈ ಹಾಕಿದಂತೆ. ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಂ ಪ್ರಕಾರ ನೋಂದಣಿಯಿಲ್ಲದೆ ವೈದ್ಯವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪುಡಿ, ಕಷಾಯ ಮಾರುತ್ತಾ ಮಧುಮೇಹ, ಬೊಜ್ಜು, ಕ್ಯಾನ್ಸರ್ ಗುಣವಾಗುತ್ತದೆ ಎಂದು ಪ್ರಚಾರ ಮಾಡಿದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೂ ಎದುರಾಗಬಹುದು. ಕೋರ್ಸು ಕಲಿಸಿದವರು ಆಗ ನಿಮ್ಮ ಪಕ್ಕ ನಿಲ್ಲುವುದಿಲ್ಲ.

ಇನ್ನು ಹಣದ ಮಾತು. ಹೆಚ್ಚಿನ ಜನ ಎಡವುವುದು ಇಲ್ಲೇ. ‘ಇನ್ನು ಎರಡೇ ಸೀಟು, ರಾತ್ರಿ ಹನ್ನೆರಡಕ್ಕೆ ಆಫರ್ ಮುಗಿಯುತ್ತದೆ’ ಎಂಬ ಸುಳ್ಳು ಅವಸರ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದ ತಂತ್ರಗಳಲ್ಲೊಂದು. ‘ನೋ ಕಾಸ್ಟ್ ಇಎಂಐ’ ಎಂದರೆ ಬಹುತೇಕ ಸಲ ನಿಮ್ಮ ಹೆಸರಿನಲ್ಲಿ ಯಾವುದೋ ಹಣಕಾಸು ಕಂಪನಿಯಿಂದ ಎತ್ತಿದ ಸಾಲ. ತರಗತಿ ನಿಂತರೂ ಕಂತು ನಿಲ್ಲುವುದಿಲ್ಲ. ತಪ್ಪಿದರೆ ಸಿಬಿಲ್ ಅಂಕ ಕುಸಿಯುತ್ತದೆ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲ ನಿಯಮದಂತೆ ಬಡ್ಡಿ, ಶುಲ್ಕಗಳ ವಿವರವಿರುವ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಲೇಬೇಕು. ಅದರಲ್ಲಿ ಕೂಲಿಂಗ್ ಆಫ್ ಅವಧಿ ಎಷ್ಟೆಂದು ನೋಡಿ: ಅಷ್ಟರೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಮರಳಿಸಿ ದಂಡವಿಲ್ಲದೆ ಹೊರಬರಬಹುದು. ಅವಧಿ ತೀರಾ ಚಿಕ್ಕದಿರಬಹುದು, ಅಂದೇ ಓದಿ.

ಶುಲ್ಕ ಮರುಪಾವತಿಗೆ ಯುಜಿಸಿಯ ನಿಯಮವಿದೆ, ಆದರೆ ಅದು ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಅಕಾಡೆಮಿ ಕೈಕೊಟ್ಟರೆ ದಾರಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಇಲ್ಲೊಂದು ವಿಚಿತ್ರ ಅನುಕೂಲವಿದೆ. ಮಾನ್ಯ ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾನೂನಿಗೆ ಹೊರತು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಮನು ಸೋಲಂಕಿ ಪ್ರಕರಣದಲ್ಲಿ ಹೇಳಿತು. ಕೋಚಿಂಗ್ ಸೆಂಟರುಗಳು ಮಾತ್ರ ಒಳಗೇ ಬರುತ್ತವೆ ಎಂದಿತು. ಇಲ್ಲದ ಮಾನ್ಯತೆಯನ್ನು ಇದೆಯೆಂದು ನಂಬಿಸಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ದಂತವೈದ್ಯಕೀಯ ಕಾಲೇಜೊಂದರ ವಿರುದ್ಧ ಸುಪ್ರೀಂ ಕೋರ್ಟ್ 2009ರಲ್ಲಿ ವಿದ್ಯಾರ್ಥಿಗಳ ಪರ ನಿಂತಿದೆ. ಮಾನ್ಯತೆಯಿಲ್ಲದ ಅಕಾಡೆಮಿ ‘ನಾವೂ ಶಿಕ್ಷಣ ಸಂಸ್ಥೆ’ ಎಂದು ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಮೊದಲು ಇಮೇಲ್‌ನಲ್ಲಿ ಮರುಪಾವತಿ ಕೇಳಿ. ಆಮೇಲೆ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಎಷ್ಟೋ ವ್ಯಾಜ್ಯಗಳು ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು. ಕಟ್ಟಿದ ಹಣ ಐದು ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಒಪ್ಪಂದದಲ್ಲಿ ‘ದೆಹಲಿ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ’ ಎಂದಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಅವಕಾಶ ಕೊಟ್ಟಿದೆ. ಹಾವೇರಿಯವರು ಹಾವೇರಿಯಲ್ಲೇ ಕೊಡಲಿ. ಕೆಲಸ ಗ್ಯಾರಂಟಿ ಎಂಬಂಥ ಜಾಹೀರಾತಿನ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೂ ಬರೆಯಬಹುದು. ಮೊದಲ ಸಲಕ್ಕೆ ಹತ್ತು ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಅದಕ್ಕಿದೆ. ಹಣ ಪಡೆದು ಫೋನ್ ಆಫ್ ಮಾಡಿದವರ ವಿರುದ್ಧ ಸೈಬರ್ ವಂಚನೆ ಸಹಾಯವಾಣಿ 1930 ಮತ್ತು ಪೊಲೀಸ್ ಠಾಣೆ, ಆರೋಪ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆ.

ವಕೀಲರ ನೆರವು ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತವಾಗಿ ಒದಗಿಸುತ್ತದೆ. ಸಹಾಯವಾಣಿ 15100. ಹೋಗುವಾಗ ಜಾಹೀರಾತಿನ ಸ್ಕ್ರೀನ್‌ಶಾಟ್, ರಸೀದಿ, ಸಾಲದ ಪತ್ರ, ಕೌನ್ಸೆಲರ್ ಕಳಿಸಿದ ವಾಟ್ಸಾಪ್ ಸಂದೇಶಗಳು ಮತ್ತು ಅವು ಬಂದ ಫೋನು ಜೊತೆಗಿರಲಿ. ಮುದ್ರಿಸಿದ ಸಂದೇಶಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ. ಅದರ ನಮೂನೆಯನ್ನು ಅಲ್ಲಿಯ ವಕೀಲರೇ ತುಂಬಿಸಿಕೊಡುತ್ತಾರೆ.