ತಂಪಿಗೆ ನೆಲವೋ, ಗಾಳಿಯೋ?

ಏಪ್ರಿಲ್ ಕಳೆಯಿತೆಂದರೆ ಮಧ್ಯಾಹ್ನದ ಹೊತ್ತು ನಮ್ಮ ವಾಚನಾಲಯದ ಕುರ್ಚಿಗಳು ಬರಿದಾಗುತ್ತವೆ. ವಯಸ್ಸಾದ ಓದುಗರು ಪತ್ರಿಕೆ ಮಡಿಸಿಟ್ಟು, ಬೆವರೊರೆಸಿಕೊಳ್ಳುತ್ತ ಮನೆಗೆ ಹೊರಡುತ್ತಾರೆ. ಆದ್ದರಿಂದ ತಂಪಿನ ಏರ್ಪಾಡು ಆಗಬೇಕೆಂಬ ಮಾತೆದ್ದಿದೆ. ನೆಲದೊಳಗೆ ಕೊಳವೆ ಇಳಿಸುವ ಯಂತ್ರವೇ ಮೇಲೆಂದು ಕೆಲವರು. ಸಾಮಾನ್ಯ ಏರ್‌ಕಂಡಿಷನರ್ ಸಾಕೆಂದು ಕೆಲವರು. ಹಣ ಸದಸ್ಯರದು, ತಿಳಿದು ಖರ್ಚು ಮಾಡುವುದು ಲೇಸು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡೋಣ. ಎರಡೂ ವಿದ್ಯುತ್ತಿನಿಂದಲೇ ನಡೆಯುವ ಶಾಖದ ಪಂಪುಗಳು. ಬಾವಿಯ ಪಂಪು ನೀರೆತ್ತುವಂತೆ ಇವು ಕೊಠಡಿಯ ಶಾಖವನ್ನೆತ್ತಿ ಹೊರಗೆ ಚೆಲ್ಲುತ್ತವೆ. 1 ಯೂನಿಟ್ ವಿದ್ಯುತ್ತಿಗೆ ಸುಮಾರು 3-4 ಯೂನಿಟ್ ಶಾಖ ಸಾಗುತ್ತದೆ. ಒಂದು ಯಂತ್ರ ಅದನ್ನು ಗಾಳಿಗೆ ಬಿಡುತ್ತದೆ, ಇನ್ನೊಂದು ನೆಲಕ್ಕೆ. ಚೆಲ್ಲುವ ಜಾಗ ತಂಪಾಗಿದ್ದಷ್ಟೂ ಪಂಪಿಗೆ ಶ್ರಮ ಕಡಿಮೆ.

ಹತ್ತಾರು ಮೀಟರ್ ಆಳದಲ್ಲಿ ನೆಲದ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಅದು ಊರಿನ ವಾರ್ಷಿಕ ಸರಾಸರಿಗೆ ಸಮೀಪವಾಗಿರುತ್ತದೆ. ಚೆನ್ನೈಯಲ್ಲಿ ಆ ಸರಾಸರಿ ಸುಮಾರು 28-29 ಡಿಗ್ರಿ ಸೆಲ್ಸಿಯಸ್. ಮೇ ತಿಂಗಳ 38-40 ಡಿಗ್ರಿ ಗಾಳಿಗಿಂತ ಅದು ಮೇಲೇ ಸರಿ. ಆದರೆ ಡಿಸೆಂಬರ್, ಜನವರಿಗಳಲ್ಲಿ ಗಾಳಿಯೇ ನೆಲಕ್ಕಿಂತ ತಂಪು.

ಇನ್ನೊಂದು ತೊಡಕೂ ಇದೆ. ಗಿರಣಿಯಲ್ಲಿ ಲೆಕ್ಕ ಬರೆಯುವ ನಮಗೆ ಅದು ಖಾತೆಯಂತೆ ಕಾಣುತ್ತದೆ. ಬೇಸಿಗೆ, ಚಳಿ ಎರಡೂ ಬಲವಾಗಿರುವ ನಾಡುಗಳಲ್ಲಿ ಬೇಸಿಗೆಯಲ್ಲಿ ನೆಲಕ್ಕೆ ಜಮೆ ಮಾಡಿದ ಶಾಖವನ್ನು ಚಳಿಗಾಲದಲ್ಲಿ ಹಿಂದಕ್ಕೆ ಪಡೆದು ಮನೆ ಬೆಚ್ಚಗಿಡುತ್ತಾರೆ. ಖಾತೆ ಸರಿದೂಗುತ್ತದೆ. ನಮ್ಮ ಊರಲ್ಲಿ ಕೊಠಡಿ ಕಾಯಿಸುವ ಚಳಿಯೇ ಇಲ್ಲ. ಬರಿಯ ಜಮೆ, ಖರ್ಚಿಲ್ಲ. ವರ್ಷ ಕಳೆದಂತೆ ಕೊಳವೆಯ ಸುತ್ತಿನ ನೆಲ ಬಿಸಿಯಾಗಿ, ಲಾಭ ಕರಗುತ್ತದೆ. 2019ರ ಬರದಂತೆ ಅಂತರ್ಜಲ ಇಳಿದರೆ ಒಣನೆಲ ಶಾಖವನ್ನು ಇನ್ನೂ ನಿಧಾನವಾಗಿ ಸಾಗಿಸುತ್ತದೆ. ಇದರ ಮೇಲೆ, ಟನ್ನೊಂದಕ್ಕೆ 50 ಮೀಟರಿಗೂ ಮೀರಿ ಕೊರೆಸುವ ವೆಚ್ಚ ಬೇರೆ.

ಹಾಗೆಂದು ಆ ವಿದ್ಯೆ ನಿಷ್ಪ್ರಯೋಜಕವಲ್ಲ. ದಿನವಿಡೀ ಬಿಸಿನೀರು ಬೇಕಾದ ಆಸ್ಪತ್ರೆ, ವಿದ್ಯಾರ್ಥಿನಿಲಯಗಳಲ್ಲಿ ಕೊಠಡಿಯಿಂದೆತ್ತಿದ ಶಾಖವನ್ನು ನೀರು ಕಾಯಿಸಲು ಬಳಸಿ, ಮಿಕ್ಕದ್ದನ್ನು ಮಾತ್ರ ನೆಲಕ್ಕೆ ಬಿಡಬಹುದು. ಅಲ್ಲಿ ಖಾತೆ ಹೆಚ್ಚು ಸಮವಾಗುತ್ತದೆ. ವಾಚನಾಲಯಕ್ಕೆ ಬಿಸಿನೀರಿನ ಗೊಡವೆಯಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇದು: ಮೊದಲು ತಾರಸಿಗೆ ಬಿಳಿ ಸುಣ್ಣ, ಪಶ್ಚಿಮದ ಕಿಟಕಿಗೆ ಬಿದಿರಿನ ತಟ್ಟಿ. ಒಳಗೆ ಬರುವ ಶಾಖ ಕಡಿಮೆಯಾದರೆ ಚಿಕ್ಕ ಯಂತ್ರವೇ ಸಾಕು. ಬಳಿಕ ಹೆಚ್ಚು ನಕ್ಷತ್ರದ ಗುರುತುಳ್ಳ ಏರ್‌ಕಂಡಿಷನರ್ ಕೊಂಡು, 26 ಡಿಗ್ರಿಗಿಟ್ಟು, ಜತೆಗೆ ಫ್ಯಾನು ತಿರುಗಿಸೋಣ. ಉಳಿದ ಹಣ ಪುಸ್ತಕಗಳಿಗಾಗಲಿ. ಮಧ್ಯಾಹ್ನವೂ ಕುರ್ಚಿಗಳು ತುಂಬಿರಲಿ.