ಭರವಸೆಯ ಮನಸ್ಸು, ಇಳಿವಯಸ್ಸಿನ ಹೃದಯ

ಮುಂದೆ ಒಳ್ಳೆಯದಾಗುತ್ತದೆಂಬ ಭರವಸೆಗೂ ಇಳಿವಯಸ್ಸಿನ ಹೃದಯಕ್ಕೂ ನಂಟಿದೆ. ಇದನ್ನು ತೋರಿಸಿದ ದೊಡ್ಡ ಅಧ್ಯಯನಗಳಲ್ಲಿ ಒಂದಾದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ನ ಸಂಯೋಜನಾ ಕೇಂದ್ರ ಇರುವುದು ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಸಂಸ್ಥೆಯಲ್ಲಿ. 50ರಿಂದ 79ರ ವಯಸ್ಸಿನಲ್ಲಿ ಅಧ್ಯಯನಕ್ಕೆ ಸೇರಿದ್ದ ಮಹಿಳೆಯರಲ್ಲಿ 97,000ಕ್ಕೂ ಹೆಚ್ಚು ಮಂದಿಯನ್ನು ಸುಮಾರು 8 ವರ್ಷ ಗಮನಿಸಿದ ವರದಿ 2009ರಲ್ಲಿ ಪ್ರಕಟವಾಯಿತು. ನಿರಾಶಾವಾದಿಗಳಿಗೆ ಹೋಲಿಸಿದರೆ ಆಶಾವಾದಿಗಳಲ್ಲಿ ಪರಿಧಮನಿ ಹೃದ್ರೋಗದ ಅಪಾಯ ಶೇ 9ರಷ್ಟು, ಸಾವಿನ ಅಪಾಯ ಶೇ 14ರಷ್ಟು ಕಡಿಮೆಯಿತ್ತು. ಇದು ನಂಟು ಮಾತ್ರ, ಕಾರಣವೆಂದು ಸಾಬೀತಾಗಿಲ್ಲ.

ನಂಟಿನ ಒಂದು ದಾರಿ ದಿನಚರಿಯಲ್ಲಿ ಇರಬಹುದು. ಭರವಸೆಯಿರುವವರು ಸಾಮಾನ್ಯವಾಗಿ ಹೆಚ್ಚು ನಡೆಯುತ್ತಾರೆ. ಸದಾ ಆತಂಕವಿದ್ದರೆ ಒತ್ತಡದ ಹಾರ್ಮೋನುಗಳು ರಕ್ತದೊತ್ತಡವನ್ನು ಏರಿಸುತ್ತವೆ.

ಮಕ್ಕಳ ಮನೆಗೆಂದು ಊರಿನಿಂದ ಸಿಯಾಟಲ್ ಪಕ್ಕದ ಬೆಲ್‌ವ್ಯೂ, ರೆಡ್ಮಂಡ್‌ಗೆ ಬಂದ ಹಿರಿಯರಿಗೆ ಡಿಸೆಂಬರ್ ಕಷ್ಟದ ತಿಂಗಳು. ಸಂಜೆ 4.20ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಮಳೆ ಜಿನುಗುತ್ತಲೇ ಇರುತ್ತದೆ. ಊರಿನಲ್ಲಿ ಹಾಲು ತರಲು ಹೊರಟು ನಾಲ್ಕು ಜನರನ್ನು ಮಾತಾಡಿಸಿ ಬರುತ್ತಿದ್ದವರು ಇಲ್ಲಿ ಕಿಟಕಿಯ ಪಕ್ಕದ ಸೋಫಾದಲ್ಲೇ ಉಳಿಯುತ್ತಾರೆ. ಅವರಿಗೆ ‘ಧೈರ್ಯವಾಗಿರಿ’ ಎಂದರೆ ಸಾಲದು; ಹಾಗೆ ಹೇಳಿ ಸುಮ್ಮನಾಗುವುದು ನೋವನ್ನೇ ಹೆಚ್ಚಿಸುತ್ತದೆ. ಬೆಳಕಿರುವಾಗ ಮನೆಯವರ ಜೊತೆ ನಡಿಗೆ, ಮಳೆಯಿದ್ದರೆ ಮಾಲ್‌ನೊಳಗೆ ಎರಡು ಸುತ್ತು, ಕನ್ನಡದಲ್ಲಿ ಹರಟಲು ಒಬ್ಬ ಸಮವಯಸ್ಕರು: ಇವು ನಿಜಕ್ಕೂ ನೆರವಾಗುತ್ತವೆ. ವೈದ್ಯರು ಕೊಟ್ಟ ಮಾತ್ರೆಗಳನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು. ಮಂಕು, ನಿದ್ದೆಗೇಡು, ಊಟ ಸೇರದಿರುವುದು ಎರಡು ವಾರ ಮೀರಿದರೆ ವೈದ್ಯರಲ್ಲಿ ಖಿನ್ನತೆಯ ತಪಾಸಣೆ ಅಗತ್ಯ. ಎದೆ ಹಿಂಡಿದಂತಾದರೆ ಅಥವಾ ಉಸಿರು ಕಟ್ಟಿದರೆ ತಡಮಾಡದೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು.